ಶಿವಗಂಗೆಯ ಹಣೆ ಮತ್ತು ನಾನು

ನಾನು ಒಂದು ಪಟ್ಟಿ, ವಿಮಾನ ಕಲಿಯುವವರ ಹಣೆಗೆ ಕಟ್ಟುವ ಕಪ್ಪು ರಬ್ಬರಿನ ಪಟ್ಟಿ. ಹುಟ್ಟಿದ್ದು ಒಂದು ಪ್ರಯೋಗಾಲಯದ ಮೇಜಿನ ಮೇಲೆ. ನನ್ನೊಳಗಿನ ಪುಟ್ಟ ದೀಪಗಳ ಬೆಳಕು ಚರ್ಮ, ಎಲುಬು ದಾಟಿ ಮಿದುಳಿನ ರಕ್ತವನ್ನು ನೋಡಿ ಬರುತ್ತದೆ. ತಲೆಗೆ ಕೆಲಸ ಹೆಚ್ಚಾದರೆ ಪರದೆಯ ಮೇಲೆ ಗೆರೆ ಏರುತ್ತದೆ, ಕೈ ಪಳಗಿದಂತೆ ಇಳಿಯುತ್ತದೆ. ಇಷ್ಟೇ ನನ್ನ ವಿದ್ಯೆ. ಇಷ್ಟಕ್ಕೇ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ತರಬೇತಿ ಶಾಲೆಯಲ್ಲಿ ನನ್ನನ್ನು ನೋಡಿಕೊಳ್ಳುತ್ತಿದ್ದವಳು ಫಿಲೋಮಿನಾ. ಯಾರದೇ ಆಗಲಿ, ಹಣೆ ಒರೆಸದೆ ಕಟ್ಟುತ್ತಿರಲಿಲ್ಲ. ಒಂದು ಶುಕ್ರವಾರ ಅವಳು ರಜೆ ಹಾಕಿದ್ದಳು. ಅಂದೇ ಸಿಮ್ಯುಲೇಟರಿನಲ್ಲಿ, ಅಂದರೆ ನೆಲ ಬಿಡದ ನಕಲಿ ವಿಮಾನದಲ್ಲಿ, ಶಿವಗಂಗೆಯ ಪರೀಕ್ಷೆ. ಗದಗದ ಬಸ್ ಡ್ರೈವರೊಬ್ಬರ ಮಗಳು ಅವಳು. ಜೊತೆಯವರೆಲ್ಲ ಪಕ್ಕದಲ್ಲಿ ಶಿಕ್ಷಕರಿಲ್ಲದೆ ಒಬ್ಬೊಬ್ಬರೇ ನಿಜವಾದ ವಿಮಾನ ಹಾರಿಸಿ ಬಂದಾಗಿತ್ತು, ಉಳಿದವಳು ಇವಳೊಬ್ಬಳೇ. ಹಣೆಯ ಮೇಲೆ ದಟ್ಟ ವಿಭೂತಿ. ಶಿಕ್ಷಕರಾದ ಕ್ಯಾಪ್ಟನ್ ಉತ್ತಯ್ಯ ಹತ್ತಿ ಕೈಗೆತ್ತಿಕೊಂಡರು. ದೇವರ ವಿಭೂತಿ ಒರೆಸು ಎನ್ನಲು ಬಾಯಿ ಬರದೆ ಕೆಳಗಿಟ್ಟರು. ಅದರ ಮೇಲೆಯೇ ನನ್ನನ್ನು ಕಟ್ಟಿದರು.

ನನ್ನ ಬೆಳಕೆಲ್ಲ ಆ ಪುಡಿಯಲ್ಲೇ ಚದುರಿಹೋಯಿತು. ಅವಳ ಹಣೆ ಬೆವರುತ್ತಿತ್ತು, ನರ ಪಟಪಟ ಹೊಡೆದುಕೊಳ್ಳುತ್ತಿತ್ತು. ಪರದೆಯ ಗೆರೆ ಮಾತ್ರ ನಿಶ್ಚಿಂತೆಯಿಂದ ಮಲಗಿತ್ತು.

"ತಲೆ ಎಷ್ಟು ತಣ್ಣಗಿದೆ ನೋಡಮ್ಮ. ಸೋಮವಾರ ಒಬ್ಬಳೇ ಹೋಗು," ಎಂದರು ಉತ್ತಯ್ಯ.

ನನಗೆ ಕಿರುಚಬೇಕೆನಿಸಿತು. ಬಾಯಿ ಎಲ್ಲಿಂದ ತರಲಿ?

ಶನಿವಾರ ಬೆಳಿಗ್ಗೆ ಶಿವಗಂಗೆ ತಾನಾಗಿಯೇ ಬಂದಳು. "ಅಕ್ಕಾರ, ಇನ್ನೊಮ್ಮೆ ಕಟ್ಟಿ ನೋಡ್ರಿ."

"ಪಾಸಾಗಿದ್ದೀಯಲ್ಲ ಮಾರಾಯ್ತಿ," ಎಂದಳು ಫಿಲೋಮಿನಾ.

"ತಲಿ ತಣ್ಣಗ ಇರಲಿಲ್ರಿ. ಇಳಿಯೂ ಮುಂದ ರೇಡಿಯೋದಾಗ ಏನಂದ್ರೋ, ಒಂದೂ ಕೇಳಿಸಲಿಲ್ಲ. ಸೋಮವಾರ ಅಪ್ಪ ರಜಾ ಹಾಕಿ ನೋಡಾಕ ಬರಾಂವ ಅದಾನ್ರಿ. ಆದ್ರೂ ನೋಡ್ರಿ."

ಒರೆಸಿದ ಹಣೆಗೆ ಕಟ್ಟಿ, ಅದೇ ಪರೀಕ್ಷೆ ಮತ್ತೆ ನಡೆಸಿದರು. ಗೆರೆ ಏರಿತು, ಏರಿತು, ಇಳಿಯಲೇ ಇಲ್ಲ. ನೋಡುತ್ತ ನಿಂತಿದ್ದ ಉತ್ತಯ್ಯನವರ ಮುಖ ಬಿಳಿಚಿತು. "ತಪ್ಪು ನಂದಮ್ಮ. ಒರೆಸು ಅನ್ನೋಕೆ ಸಂಕೋಚಪಟ್ಟೆ," ಎಂದರು.

ಅವಳು ಹೊರಗೆ ಹೋಗಿ ಅಪ್ಪನಿಗೆ ಫೋನು ಮಾಡಿದಳು. "ಈಗ ಬರಬ್ಯಾಡಪ್ಪಾ," ಎಂದಷ್ಟೇ ಕೇಳಿಸಿತು. ನನಗೆ ಬಹಳ ಸಂಕಟವಾಯಿತು.

ಆಮೇಲೆ ಐದು ವಾರ ದಿನವೂ ಅವಳ ಹಣೆಯ ಮೇಲಿದ್ದೆ. ಗೆರೆ ಕೂದಲೆಳೆಯಷ್ಟೇ ಇಳಿದರೂ ನನಗೆ ಹಿಗ್ಗು. ಒಂದು ದಿನ ಸಿಮ್ಯುಲೇಟರಿನಲ್ಲಿ ವಿಮಾನ ಇಳಿಸುತ್ತಿರುವಾಗಲೇ, ಮೆಸ್ಸಿನ ಸಾರಿಗೆ ಉಪ್ಪು ಜಾಸ್ತಿ ಎಂದು ಉತ್ತಯ್ಯನವರ ಹತ್ತಿರ ದೂರು ಹೇಳಿದಳು. ಗೆರೆ ಅಲುಗಲಿಲ್ಲ. ಉತ್ತಯ್ಯ ನಕ್ಕು, ಒಬ್ಬಳೇ ಹಾರಬಹುದೆಂದು ರುಜು ಹಾಕಿದರು.

ಈಗ ನನಗೆ ವಯಸ್ಸಾಗಿದೆ. ರಬ್ಬರು ಸಡಿಲ, ಅರ್ಧ ದೀಪಗಳು ಆರಿವೆ, ವಾಸ ಬೀರುವಿನ ಕೆಳಗಿನ ಖಾನೆಯಲ್ಲಿ. ನೂರಾರು ತಲೆಗಳ ಗೆರೆ ಬರೆದಿದ್ದೇನೆ. ಶಿವಗಂಗೆ ಒಬ್ಬಳೇ ಹಾರಿದ ಆ ಹನ್ನೆರಡು ನಿಮಿಷದ್ದು ಮಾತ್ರ ನನ್ನಲ್ಲಿಲ್ಲ; ನಾನು ಮೇಜಿನ ಮೇಲೆ ಬಿದ್ದಿದ್ದೆ. ಇಳಿದವಳು ಅಪ್ಪನ ಕೈಹಿಡಿದು ನೇರ ಒಳಗೆ ಬಂದಳು. ನನ್ನನ್ನೆತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡಳು. ಅಷ್ಟು ದಿನ ಅವಳ ಹಣೆಯ ಮೇಲಿದ್ದೂ, ಅವಳ ಕಣ್ಣೀರು ಇಷ್ಟು ಬಿಸಿ ಎಂದು ನನಗೆ ಗೊತ್ತಿರಲಿಲ್ಲ.