ಉಳುಕು

ಕುಚ್ಚಲಕ್ಕಿ ಗಂಜಿಯ ವಾಸನೆ, ಇಲ್ಲಿ, ಠಾಣೆ ಶಹರದ ಈ ಆಸ್ಪತ್ರೆಯ ಮಾಳಿಗೆಯಲ್ಲಿ, ಫಿನಾಯಿಲನ್ನೂ ಎಸಿಯ ತಣ್ಣನೆ ವಾಸನೆಯನ್ನೂ ಬದಿಗೆ ಸರಿಸಿ ಮೂಗಿಗೆ ಬರುತ್ತಿದೆ, ರಮಿತಾ ಫ್ಲಾಸ್ಕಿನ ಮುಚ್ಚಳ ತೆಗೆದಿರಬೇಕು, ತಿರುಗಿ ನೋಡಬಾರದು ಎಂದುಕೊಳ್ಳುತ್ತಾಳೆ ಪ್ರಫುಲ್ಲಾ, ನೋಡಿದರೆ ಶುರು ಮಾಡುತ್ತಾಳೆ, ಅತ್ತಿಗೆ ನೀವು ಬೆಳಗ್ಗಿನಿಂದ ಏನೂ ತಿಂದಿಲ್ಲ, ಎರಡು ಗುಟುಕು ಕುಡಿಯಿರಿ ಮಾರಾಯ್ರೆ — ಯಾರು ಹೇಳಿದ್ದು ಇವಳಿಗೆ ಗಂಜಿ ತಾ ಎಂದು, ಅಂಬರನಾಥದಿಂದ ಆ ಗರ್ದಿಯ ಲೋಕಲ್ ರೈಲಿನಲ್ಲಿ ಫ್ಲಾಸ್ಕನ್ನು ಮಗುವಿನ ಹಾಗೆ ಎದೆಗೆ ಒತ್ತಿಕೊಂಡು ಬಂದಿದ್ದಾಳೆ, ಒಳಗೆ ನನ್ನ ಗಂಡನ ಬೆನ್ನು ಕೊಯ್ಯುತ್ತಿದ್ದಾರೆ, ಹೊರಗೆ ಇವಳ ಗಂಜಿ ಹಬೆಯಾಡುತ್ತಿದೆ. ಸಮಿತ್ ಆಗಲೇ ಮುಚ್ಚಳಕ್ಕೆ ಬಗ್ಗಿಸಿಕೊಂಡು ಸುರ್ರೆಂದು ಕುಡಿಯುತ್ತಿದ್ದಾನೆ, ಮನೆಯಲ್ಲಿ ಗಂಜಿ ಇಟ್ಟರೆ ಯೇ ಕ್ಯಾ ಮರೀಜ್ ಕಾ ಖಾನಾ, ರೋಗಿಗಳ ಊಟ ಎಂದು ತಟ್ಟೆ ದೂಡುವ ಮಗ, ಈಗ ಮಮ್ಮಿ ಪೀ ಲೋ ನಾ, ಆಂಟಿ ಇತ್ನಾ ದೂರ್ ಸೆ ಲಾಯೀ ಹೈ ಅನ್ನುತ್ತಾನೆ, ಅಷ್ಟು ದೂರದಿಂದ ತಂದದ್ದಂತೆ, ನಾನು ಕುಡಿಯಬೇಕಂತೆ, ಉಪ್ಪಿನಕಾಯಿಯ ಎಣ್ಣೆ ಅವನ ಬೆರಳಿಗೆ ಅಂಟಿದೆ, ಉಪ್ಪಿನಕಾಯಿ ಕೂಡ ತಂದಿದ್ದಾಳೆ, ಏನನ್ನೂ ಮರೆಯುವ ಹೆಂಗಸಲ್ಲ. ಬೇಡ, ಅನ್ನುತ್ತಾಳೆ ಪ್ರಫುಲ್ಲಾ, ನನಗೆ ಇಳಿಯುವುದಿಲ್ಲ, ನೀವಿಬ್ಬರು ಕುಡಿಯಿರಿ. ನೀವಿಬ್ಬರು. ಆ ಮಾತು ಎಲ್ಲಿಗೆ ತಾಗಬೇಕೋ ಅಲ್ಲಿಗೆ ತಾಗಿತೋ ಇಲ್ಲವೋ, ರಮಿತಾ ಬಗ್ಗಿ ಫ್ಲಾಸ್ಕನ್ನು ಮುಚ್ಚುತ್ತಾಳೆ, ಸೀರೆಯ ಅಂಚಿನ ಕೆಳಗೆ ಅವಳ ಬಲಗಾಲು ಕಾಣುತ್ತದೆ, ಆ ಕಾಲು.

ಆ ಕಾಲಿನ ಸಂಗತಿ ಪ್ರಫುಲ್ಲಾಳಿಗೆ ಗೊತ್ತಾದದ್ದೂ ಈ ಆಸ್ಪತ್ರೆಯಲ್ಲೇ, ಹೋದ ವಾರ ಕೆಳಗಿನ ಓಪಿಡಿಯಲ್ಲಿ, ಗಡ್ಡ ಸರಿಯಾಗಿ ಮೂಡಿರದ ಒಬ್ಬ ಡಾಕ್ಟರು ಪೆನ್ನು ಹಿಡಿದು ಒಂದೊಂದೇ ಕೇಳುತ್ತಾ ಹೋದರು, ಎರಡು ವರ್ಷದ ಹಿಂದೆ ಗಂಡನಿಗೆ ಕ್ಯಾನ್ಸರೆಂದು ಒಂದು ಕಿಡ್ನಿ ತೆಗೆದದ್ದು, ಆಗ ಎಲ್ಲ ಕ್ಲೀನ್ ಎಂದದ್ದು, ಈಗ ಕಾಲು ಜೋಮು ಹಿಡಿದು ಮೆಟ್ಟಿಲ ಮೇಲೆ ಮಡಚಿಕೊಂಡದ್ದು, ಬಿದ್ದಿದ್ದಿರಾ, ಭಾರ ಎತ್ತಿದ್ದಿರಾ, ಮಾಲೀಶು ಏನಾದರೂ — ಇಲ್ಲ ಎಂದು ಇವಳೇ ಹೇಳಬೇಕೆನ್ನುವಾಗ ಶೇಖರ ಕೆಮ್ಮಿ, ಮಾಲೀಶ್ ನಹೀ ಡಾಕ್ಟರ್, ವೋ ಪಾಯಾಳೂ ಹೋತಾ ಹೈ ನಾ, ಉಸ್ಕೆ ಪಾಸ್ ಜಾತಾ ಥಾ ಎಂದ, ಪಾಯಾಳುವಿನ ಹತ್ತಿರ ಹೋಗುತ್ತಿದ್ದನಂತೆ. ಡಾಕ್ಟರ ಪೆನ್ನು ನಿಂತಿತು, ನಕ್ಕರು, ಮಾಝೀ ಆಜೀ ಪಣ ಪಾಯಾಳೂ ಹೋತೀ, ನಮ್ಮಜ್ಜಿಯೂ ಹಾಗೇ, ಊರಿಡೀ ಸೊಂಟ ಹಿಡಿದುಕೊಂಡು ಅವಳ ಬಾಗಿಲಿಗೆ ಬರುತ್ತಿತ್ತು. ಪಾಯಾಳು, ಕಾಲು ಮುಂದಾಗಿ ಹುಟ್ಟಿದವರು, ನಮ್ಮ ಕಡೆಯೂ ಉಂಟು, ಸೊಂಟ ಉಳುಕಿದವರು ಬೋರಲು ಮಲಗಬೇಕು, ಹಾಗೆ ಹುಟ್ಟಿದವರು ಹಿಮ್ಮಡಿಯನ್ನು ನೋವಿನ ಜಾಗಕ್ಕೆ ಒತ್ತಿ ಮೆಲ್ಲಗೆ ಕೆಳಗೆ ಎಳೆಯಬೇಕು, ಉಳುಕು ಹೋಗುತ್ತದೆ — ಯಾರು ಎಂದು ಪ್ರಫುಲ್ಲಾ ಕೇಳಲಿಲ್ಲ, ಕೇಳುವುದು ಬೇಕಿರಲಿಲ್ಲ, ಡೊಂಬಿವಲಿಯ ಚಾಳಿನಲ್ಲಿ ಇವನ ಗೋಡೆಗೆ ಗೋಡೆ ತಾಗಿಸಿಕೊಂಡು ಬೆಳೆದ ರಮಿತಾ, ಕಾಲು ಮುಂದಾಗಿ ಹುಟ್ಟಿದವಳೆಂದು ಚಾಳಿನ ಮಂದಿಯೆಲ್ಲ ಸಾಲು ನಿಲ್ಲುತ್ತಿದ್ದರಂತೆ, ಮದುವೆಯಾದ ಹೊಸದರಲ್ಲಿ ಅವನೇ ನಗುತ್ತಾ ಹೇಳಿದ್ದ, ಸಣ್ಣ ಹುಡುಗಿ, ಒಬ್ಬೊಬ್ಬರಿಂದಲೂ ಒಂದು ಪೆಪ್ಪರಮಿಂಟು ಕೇಳುತ್ತಿದ್ದಳು. ಆಗ ಪ್ರಫುಲ್ಲಾಳೂ ನಕ್ಕಿದ್ದಳು.

ಈಗ ಆ ದಾರಿಯನ್ನು ಅವಳು ಮನಸ್ಸಿನಲ್ಲೇ ನಡೆಯುತ್ತಾಳೆ, ನಿಲ್ಲಿಸಲಾಗುವುದಿಲ್ಲ, ಅವನು ಕೋಪರಖೈರಣೆಯ ಹೋಟೆಲಿನ ಗಲ್ಲಾಪೆಟ್ಟಿಗೆಯಿಂದ ಎದ್ದು, ಹೋಟೆಲಿಗೆ ಸಾಮಾನು ನೋಡಿ ಬರುತ್ತೇನೆ ಎಂದು ಸುಳ್ಳು ಹೇಳಿ, ಠಾಣೆಗೆ ಒಂದು ಗಾಡಿ, ಅಲ್ಲಿ ಸೇತುವೆ ಹತ್ತಿ ಇಳಿದು ಬದಲಾಪುರದ ಗಾಡಿ, ಒಳಗೆ ಮೂಳೆ ಸವೆಯುತ್ತಿರುವ ಬೆನ್ನು ಹೊತ್ತು ಕಂಬ ಹಿಡಿದು ನಿಂತಿದ್ದಾನೆ, ಚಲೋ ಚಲೋ ಆಗೆ ಬಢೋ ಎಂದು ಯಾರೋ ಮೊಣಕೈಯಿಂದ ದೂಡುತ್ತಾರೆ, ಹಲ್ಲು ಕಚ್ಚುತ್ತಾನೆ, ಆದರೂ ಹೋಗುತ್ತಾನೆ, ಅಂಬರನಾಥದ ಕಾರ್ಖಾನೆಗಳ ಹಿಂದಿನ ಆ ಒಂದು ಕೋಣೆಗೆ, ಗಂಡ ತೀರಿಹೋದ ಹೆಂಗಸಿನ ಕೋಣೆಗೆ, ಅಂಗಿ ಬಿಚ್ಚಿ ಚಾಪೆಯ ಮೇಲೆ ಬೋರಲು — ಆ ಬೆನ್ನು, ಬಲ ಭುಜದ ಕೆಳಗೆ ಕರೀ ಮಚ್ಚೆಯಿರುವ ಬೆನ್ನು, ಇವಳು ಬಾಮು ಹಿಡಿದು ಬಂದರೆ ಬಿಡು ಮಾರಾಯ್ತಿ ಗ್ಯಾಸು ಅದು ಎಂದು ಗೋಡೆಗೆ ತಿರುಗಿಕೊಳ್ಳುತ್ತಿದ್ದ ಬೆನ್ನು, ಅದರ ಮೇಲೆ ಆ ಕಾಲು ಇಳಿಯುತ್ತದೆ, ಇಲ್ಲಿಯಾ ಶೇಖರಣ್ಣ, ಇನ್ನು ಸ್ವಲ್ಪ ಕೆಳಗೆ, ಇಲ್ಲಿಯಾ, ಹಾಂ ಅಲ್ಲೇ. ಅಣ್ಣ ಅನ್ನುತ್ತಾಳೆ, ಅದೂ ಸಂಕಟ, ಬೇರೇನಾದರೂ ಅಂದಿದ್ದರೆ ಜಗಳವಾಡಬಹುದಿತ್ತು, ಊರು ಕೂಡಿಸಬಹುದಿತ್ತು, ಇಲ್ಲಿ ಜಗಳಕ್ಕೇ ಹಿಡಿತವಿಲ್ಲ, ನೋವು ಹೇಳಿಕೊಂಡದ್ದಕ್ಕೆ ಯಾರು ಪಂಚಾಯಿತಿ ಮಾಡುತ್ತಾರೆ. ಇವಳ ಪಾಲಿಗೆ ಗ್ಯಾಸಿಗೆಂದು ಕುದಿಸುವ ಜೀರಿಗೆ ಕಷಾಯ, ಅವಳ ಪಾಲಿಗೆ ನೋವು. ನಾನು ತಲೆ ಮುಂದಾಗಿ ಹುಟ್ಟಿದೆ, ಎಲ್ಲರ ಹಾಗೆ, ಅಂಗಡಿಗೆ ಹೋಗಿ ಬಂದ ಹಾಗೆ ಆಯಿತು ನಿನ್ನ ಹೆರಿಗೆ ಎಂದು ಅಮ್ಮ ಹೆಮ್ಮೆಯಿಂದ ಹೇಳುತ್ತಿದ್ದಳು, ಒಮ್ಮೆ ಹೊಟ್ಟೆಯೊಳಗೆ ತಿರುಗಿದ್ದರೇನಾಗುತ್ತಿತ್ತು — ಛೀ, ಎಂಥ ಯೋಚನೆ ಇದು, ಒಳಗೆ ಅವನು ಬೋರಲು ಮಲಗಿದ್ದಾನೆ ಈಗಲೂ, ದೀಪಗಳ ಕೆಳಗೆ, ದೊಡ್ಡ ಡಾಕ್ಟರು ಹೇಳಿದ್ದರು, ಬೆನ್ನೆಲುಬಿನಲ್ಲಿ ಕುಸಿದ ಮಣಿಯ ಮೇಲಿನ ಮಣಿಗಳಿಗೂ ಕೆಳಗಿನ ಮಣಿಗಳಿಗೂ ಸ್ಕ್ರೂ ಹಾಕಿ ಎರಡು ಕಂಬಿ ಕೂರಿಸುತ್ತೇವೆ, ನರದ ಮೇಲೆ ಒತ್ತಿ ಕೂತಿರುವ ಗಡ್ಡೆಯನ್ನು ತೆಗೆಯುತ್ತೇವೆ, ಕ್ಯಾನ್ಸರು ಇದರಿಂದ ಹೋಗುವುದಿಲ್ಲ ಭಾಭಿ, ಅದಕ್ಕೆ ಆಮೇಲೆ ರೇಡಿಯೇಶನ್, ಔಷಧಿ, ಇದು ಅವರು ಎದ್ದು ಕೂರಲಿಕ್ಕೆ, ತಮ್ಮ ಕಾಲ ಮೇಲೆ ಬಾತ್‌ರೂಮಿಗೆ ಹೋಗಲಿಕ್ಕೆ, ತಡ ಮಾಡಿದ್ದೀರಿ, ಕಾಲು ಎಷ್ಟು ಬರುತ್ತದೋ ನೋಡಬೇಕು.

ಯಾಕೆ ನನಗೆ ಹೇಳಲಿಲ್ಲ, ಎಂದು ನಿನ್ನೆ ಸಂಜೆ ವಾರ್ಡಿನಲ್ಲಿ ಕೇಳಿಯೇಬಿಟ್ಟಳು, ಪಕ್ಕದ ಮಂಚದವರ ಟಿಫಿನ್ನಿನ ಸದ್ದಿನ ನಡುವೆ, ಅವನು ಮುಖವನ್ನು ಗೋಡೆಗೆ ತಿರುಗಿಸಿಕೊಂಡ, ಅವನ ಈ ತಿರುಗಿಕೊಳ್ಳುವಿಕೆಯ ಜೊತೆಗೇ ಅವಳು ಇಷ್ಟು ವರ್ಷ ಸಂಸಾರ ಮಾಡಿದ್ದು, ಕೊನೆಗೆ ಹೇಳಿದ, ನಿನಗೆ ಹೇಳಿದರೆ ನೀನು ಕ್ಯಾನ್ಸರ್ ಅನ್ನುತ್ತಿದ್ದೆ ಪ್ರಫುಲ್ಲಾ, ಅವಳಿಗೆ ಹೇಳಿದರೆ ಅವಳು ಉಳುಕು ಅನ್ನುತ್ತಾಳೆ. ಅಷ್ಟೇ. ಒಂದು ಶಬ್ದಕ್ಕಾಗಿ ಎರಡು ಗಾಡಿ ಬದಲಿಸಿ ಹೋಗುತ್ತಿದ್ದ, ಉಳುಕು, ಉಳುಕು ಶೇಖರಣ್ಣ, ಗಲ್ಲಾಪೆಟ್ಟಿಗೆಯ ಮುಂದೆ ವಾಲಿ ಕೂತರೆ ಇನ್ನೇನಾಗುತ್ತದೆ, ಮತ್ತೊಮ್ಮೆ ಬನ್ನಿ, ಹೋಗುತ್ತದೆ. ನಾನೂ ಅನ್ನುತ್ತಿದ್ದೆನಲ್ಲ, ಕಲಿಸಿದ್ದರೆ ನಾನೂ ಅನ್ನುತ್ತಿದ್ದೆ — ಇಲ್ಲ, ಅನ್ನುತ್ತಿರಲಿಲ್ಲ, ಆ ಕೂಡಲೇ ಫೈಲು ಹಿಡಿದು ರಿಕ್ಷಾ ಕರೆಯುತ್ತಿದ್ದೆ, ಕಾಲು ಆಗ ಉಳಿಯುತ್ತಿತ್ತು, ಅವನಿಗೆ ಬೇಕಾದದ್ದು ಉಳಿಯುತ್ತಿರಲಿಲ್ಲ.

ಸಮಿತ್ ಮೆಡಿಕಲಿಗೆ ಹೋಗಿದ್ದಾನೆ, ಬೆನ್ನಿಗೆ ಕಟ್ಟುವ ಏನೋ ಬೆಲ್ಟು ತರಬೇಕಂತೆ, ರಮಿತಾ ಫ್ಲಾಸ್ಕು ತೊಳೆಯಲು ಎದ್ದಳು, ಏಳುವಾಗ ಅತ್ತಿಗೆ ಎಂದು ಮೆಲ್ಲಗೆ ಕರೆದು, ಒಂದು ಕೇಳಬೇಕಿತ್ತು ಡಾಕ್ಟರ ಹತ್ತಿರ, ನಾನು ಹೇಗೆ ಕೇಳಲಿ, ನನ್ನ ಕಾಲಿಂದಲೇ ಏನಾದರೂ — ಮುಗಿಸಲಿಲ್ಲ, ಕಣ್ಣು ಕೆಂಪಗಿತ್ತು, ಈ ವಾರವಿಡೀ ಕೆಂಪಗೇ ಇದೆ, ಪ್ರಫುಲ್ಲಾ ಕಾಣದವಳಂತೆ ಕೂತಳು. ಅವಳು ಅತ್ತ ತಿರುಗಿದ್ದೇ ತಡ ಬಾಗಿಲು ತೆರೆಯಿತು, ದೊಡ್ಡ ಡಾಕ್ಟರು, ಹಸಿರು ಟೋಪಿ, ಕುತ್ತಿಗೆಗೆ ಇಳಿದ ಮಾಸ್ಕು, ಆಯಿತು, ಚೆನ್ನಾಗಿ ಆಯಿತು, ಮೊಬೈಲಿನಲ್ಲಿ ಚಿತ್ರ ತೋರಿಸುತ್ತಾರೆ, ಕಪ್ಪಿನಲ್ಲಿ ಎರಡು ಬಿಳಿ ಕಂಬಿ, ಅಡ್ಡಕ್ಕೆ ಸ್ಕ್ರೂಗಳು, ಮಾಡಿಗೆ ಇಟ್ಟ ಏಣಿಯ ಹಾಗೆ, ಆ ಏಣಿ ಅವನೊಳಗೆ. ಅವಳ ಬಾಯಿಂದ ಮೊದಲು ಬಂದದ್ದು ಬೇರೆಯೇ ಮಾತು, ಡಾಕ್ಟರ್, ವೋ ಪೈರ್ ರಖಾ ಥಾ ನಾ, ಪಾಯಾಳೂ, ಉಸೀ ಸೆ ಟೂಟಾ ಕ್ಯಾ, ಆ ಕಾಲು ಇಟ್ಟದ್ದರಿಂದಲೇ ಮುರಿದದ್ದಾ — ಅನ್ನಲಿ, ಹೌದು ಅನ್ನಲಿ, ದೇವರೇ ಇದೊಂದು ಸಲ ಹೌದು ಅನ್ನಲಿ. ಡಾಕ್ಟರು ತಲೆಯಾಡಿಸಿದರು, ನಾಹೀ ಹೋ, ಹಾಡ ಆತೂನ್ ಪೋಖರಲಂ ಹೋತಂ, ಒಳಗಿಂದಲೇ ಪೊಳ್ಳಾಗಿತ್ತು ಆ ಮೂಳೆ, ಸೀನಿದ್ದರೂ ಮುರಿಯುತ್ತಿತ್ತು, ಮಗ್ಗುಲು ಬದಲಿಸಿದ್ದರೂ, ಕಾಲಿನ ಅಷ್ಟು ಹಗುರ ಒತ್ತಿಗೂ ಇದಕ್ಕೂ ಏನೂ ಸಂಬಂಧವಿಲ್ಲ, ಕಾಲಿಟ್ಟವರು ಯಾರೋ ಅವರಿಗೆ ಹೇಳಿ ಹೆದರಬೇಡಿ ಎಂದು. ಹೋದರು. ಅವರಿಗೆ ಹೇಳಿ. ಆ ಉತ್ತರ ಈಗ ಈ ಕಾರಿಡಾರಿನಲ್ಲಿ ಅವಳೊಬ್ಬಳ ಹತ್ತಿರ ಇದೆ, ಬಾಯೊಳಗಿನ ಅಡಿಕೆ ಹೋಳಿನ ಹಾಗೆ ಕೆನ್ನೆಗೆ ಒತ್ತಿ ಇಟ್ಟುಕೊಂಡಿದ್ದಾಳೆ, ರಮಿತಾ ಕೈ ಒರಸಿಕೊಳ್ಳುತ್ತಾ ಬಂದು ಕೂತರೂ ಆಯಿತಂತೆ ಎಂದಷ್ಟೇ ಹೇಳುತ್ತಾಳೆ, ರಮಿತಾ ಎರಡೂ ಕೈ ಮುಗಿದು ಹಣೆಗೆ ಹಚ್ಚಿಕೊಳ್ಳುತ್ತಾಳೆ.

ಶೇಖರ್ ಕೋಟ್ಯಾನ್ ಕೆ ಘರ್ ಸೆ ಕೌನ್ ಹೈ, ಎಂದು ಸಿಸ್ಟರು ಐಸಿಯುವಿನ ಬಾಗಿಲಲ್ಲಿ ಕೂಗಿದಾಗ ಇಬ್ಬರೂ ಎದ್ದುಬಿಟ್ಟರು. ಮನೆಯಿಂದ ಯಾರು. ಒಂದು ಕ್ಷಣ ಇಬ್ಬರೂ ನಿಂತೇ ಇದ್ದರು, ಸಿಸ್ಟರ ಕಣ್ಣು ಇವಳಿಂದ ಅವಳಿಗೆ, ಅವಳಿಂದ ಇವಳಿಗೆ, ಏಕ್ ಹೀ ಜನ್, ಒಬ್ಬರೇ, ಆಮೇಲೆ ರಮಿತಾ ಮೆಲ್ಲಗೆ ಕೂತಳು, ಕೂತದ್ದು ನೋಡಿಯೇ ಪ್ರಫುಲ್ಲಾ ಒಳಗೆ ಕಾಲಿಟ್ಟದ್ದು. ಅವನು, ನಳಿಕೆಗಳ ನಡುವೆ, ಮುಖ ಬಾತುಕೊಂಡು, ಬೆರಳು ಆಡಿಸಿ ಕಾಕಾ ಎಂದು ಸಿಸ್ಟರು ಹೊದಿಕೆ ಸರಿಸಿದರು, ಎಡಗಾಲಿನ ಹೆಬ್ಬೆರಳು ಅಲುಗಿತು, ನಿಜವಾಗಿಯೂ ಅಲುಗಿತು, ಬಲಗಾಲಿನದು ತಡೆದು, ಯೋಚಿಸಿ, ಅದೂ, ಅವಳಿಗೆ ಕಣ್ಣು ತುಂಬಿ ಎಲ್ಲ ಮಸುಕಾಯಿತು, ನನ್ನ ಎದುರಿಗೇ ಅಲುಗಿತು, ನಾನೊಬ್ಬಳೇ ನೋಡಿದ್ದು, ಅವಳಿಗೆ ಇದು ಸಿಗಲಿಲ್ಲ — ಒಣಗಿದ ತುಟಿ ಬಿಚ್ಚಿ ಏನೋ ಅನ್ನುತ್ತಿದ್ದಾನೆ, ಬಗ್ಗಿ ಕಿವಿ ಕೊಡುತ್ತಾಳೆ, ಇಷ್ಟು ಹತ್ತಿರ ಅವನ ಉಸಿರು ಎಷ್ಟು ಕಾಲವಾಯಿತು, ಡಾಕ್ಟರ ಹತ್ತಿರ ಕೇಳು, ಅನ್ನುತ್ತಾನೆ, ಅವಳ ಕಾಲಿಂದ ಆದದ್ದಲ್ಲ ಅಂತ ಅವಳಿಗೆ ಹೇಳು ಮಾರಾಯ್ತಿ, ಅವಳು ಹೆದರಿ ಸಾಯ್ತಾಳೆ. ಹೂಂ, ಎಂದಳು. ಹೇಳ್ತೀಯಾ. ಹೂಂ.

ಹೊರಗೆ ಬರುತ್ತಾಳೆ, ಬಾಗಿಲು ಹಿಂದೆ ತಾನಾಗಿ ಮುಚ್ಚಿಕೊಳ್ಳುತ್ತದೆ, ರಮಿತಾ ಎದ್ದು ನಿಂತಿಲ್ಲ, ಕೂತಲ್ಲಿಂದಲೇ ಮುಖ ಎತ್ತಿದ್ದಾಳೆ, ಅತ್ತಿಗೆ, ಡಾಕ್ಟರ ಹತ್ತಿರ ಕೇಳಿದಿರಾ, ಏನು ಹೇಳಿದರು, ಒಂದೇ ಮಾತು ಸಾಕು, ಅಲ್ಲ ಎಂದರೆ ಸಾಕು, ಮಾತು ಪ್ರಫುಲ್ಲಾಳ ನಾಲಿಗೆಯ ತುದಿಗೆ ಬಂದಿದೆ, ಹೇಳಿದರೆ ಇವಳು ಹಗುರಾಗುತ್ತಾಳೆ, ನಾಳೆಯೂ ಬರುತ್ತಾಳೆ, ನಾಡಿದ್ದೂ, ಫ್ಲಾಸ್ಕು ಹಿಡಿದು, ಅವನ ಬಳಿ ಕೂತು ಉಳುಕು ಶೇಖರಣ್ಣ ಹೋಗುತ್ತದೆ ಎನ್ನುತ್ತಾಳೆ, ಅವನು ನಗುತ್ತಾನೆ. ಕೇಳಿದೆ, ಎಂದಿತು ಪ್ರಫುಲ್ಲಾಳ ಬಾಯಿ, ಈಗಲೇ ಏನೂ ಹೇಳಲಿಕ್ಕೆ ಆಗುವುದಿಲ್ಲವಂತೆ. ನೆಲದ ಮೇಲೆ ರಮಿತಾಳ ಬಲಗಾಲು, ಚಪ್ಪಲಿಯಿಲ್ಲದ್ದು, ಇಷ್ಟು ಸಣ್ಣದೇ ಅದು, ಹಿಮ್ಮಡಿ ಒಡೆದು ಗೆರೆಗೆರೆಯಾಗಿ, ಮೆಲ್ಲಗೆ ಹಿಂದಕ್ಕೆ ಸರಿಯುತ್ತದೆ, ಬೆಂಚಿನ ಕೆಳಗೆ, ಸೀರೆಯ ಅಂಚನ್ನು ಎಳೆದುಕೊಂಡು ಅದರೊಳಗೆ, ಪ್ರಫುಲ್ಲಾ ಮಗನನ್ನು ನೆನೆಯಲು ನೋಡುತ್ತಾಳೆ, ಬೆಲ್ಟು, ಅಲುಗಿದ ಹೆಬ್ಬೆರಳು, ಯಾವುದೂ ಬರುವುದಿಲ್ಲ, ಕಾಲು, ಹಿಂದಕ್ಕೆ ಸರಿಯುವ ಕಾಲು, ಅಂಚಿನೊಳಗೆ ಮುದುಡುವ ಬೆರಳುಗಳು, ಕಾಲು —