ಒಣ ಝುಣಕದ ಐದು ದಿನ

ಭಾಲ್ಕಿಯ ಒಂದು ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ಅಡುಗೆ ಮಾಡುತ್ತಿದ್ದ ಗುಂಡಮ್ಮ, 2016ರ ಏಪ್ರಿಲ್ ತಿಂಗಳ ಒಂದು ಮುಂಜಾನೆ ಅವಲಕ್ಕಿ ಒಗ್ಗರಿಸಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, "ಬಾಯಾರ, ನಾ ಹೊಂಟೇನ್ರಿ" ಎಂದಳು. ಮಗ, ಸೊಸೆ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಟಿದ್ದರು. ಮೊಮ್ಮಗುವನ್ನು ನೋಡಿಕೊಳ್ಳಲು ಆಕೆ ಬೇಕಿತ್ತು. ಗೇಟಿನ ಹೊರಗೆ ಟೆಂಪೊ ಹಾರ್ನ್ ಹೊಡೆಯುತ್ತಿತ್ತು.

ವಾರ್ಡನ್ ಕೌಸಲ್ಯಾಬಾಯಿ ಆಕೆಯನ್ನು ತಡೆಯಲಿಲ್ಲ. ಬರ ಬಿದ್ದು ಊರಿಗೆ ಊರೇ ಖಾಲಿಯಾಗುತ್ತಿದ್ದ ವರ್ಷವದು. ಸಣ್ಣ ತರಗತಿಯ ಹುಡುಗಿಯರನ್ನು ಆಗಲೇ ಮನೆಗೆ ಕಳಿಸಿದ್ದರು. ಹತ್ತನೆಯ ತರಗತಿಯ ಹತ್ತೊಂಬತ್ತು ಹುಡುಗಿಯರು ಮಾತ್ರ ಉಳಿದಿದ್ದರು. ಅವರಿಗೆ ಇನ್ನೂ ಎರಡು ಪೇಪರ್ ಬಾಕಿ. ಐದು ದಿನ ಕಳೆದರೆ ಮುಗಿಯುತ್ತಿತ್ತು.

ಹಾಸ್ಟೆಲ್ ನಡೆಸುತ್ತಿದ್ದ ಟ್ರಸ್ಟಿನ ಕಾರ್ಯದರ್ಶಿ ಶಿವರಾಜಪ್ಪನವರಿಗೆ ಸುದ್ದಿ ಮುಟ್ಟಲು ತಡವಾಗಲಿಲ್ಲ. ಒಂಬತ್ತಕ್ಕೆಲ್ಲ ಫೋನ್ ಬಂತು.

"ಬೋರಿಗಿ ನೀರಿಲ್ಲ, ಈಗ ಅಡಗಿಯಾಕಿನೂ ಇಲ್ಲ. ಹುಡುಗ್ಯಾರನ್ನ ಇವತ್ತೇ ಮನಿಗಿ ಕಳಸ್ರಿ. ಪರೀಕ್ಷಾಕ್ಕ ಮನಿಯಿಂದ ಬರಲಿ. ಎಲ್ಲರ ಮನಿ ಮಂದಿಗೂ ಫೋನ್ ಮಾಡಿಸೀನಿ."

"ಮನಿ ಎಲ್ಲವ್ರಿ ಸಾಹೇಬ್ರ? ಹನ್ನೊಂದು ಹುಡುಗ್ಯಾರ ಮನಿಗಿ ಕೀಲಿ ಬಿದ್ದಾವ. ಅಪ್ಪ ಅವ್ವ ಗುಳೆ ಹೋಗ್ಯಾರ."

"ಇದ್ದ ನೀರಾಗ ಏನರ ಮಾಡಾಕ ಹೋಗಿ, ಒಂದು ಹುಡುಗಿಗಿ ವಾಂತಿ ಭೇದಿ ಆದ್ರ ಮಂದಿ ನನ್ನ ಕೊರಳ ಪಟ್ಟಿ ಹಿಡೀತಾರ."

"ಅಡಗಿ ನಾ ಮಾಡ್ತೇನಿ."

ಆ ಕಡೆ ಶಿವರಾಜಪ್ಪನವರು ನಕ್ಕರು. ನಕ್ಕಿದ್ದು ತಪ್ಪಲ್ಲ. ಏಳು ವರ್ಷದ ನೌಕರಿಯಲ್ಲಿ ಕೌಸಲ್ಯಾಬಾಯಿ ಅಡುಗೆಮನೆಯ ಹೊಸ್ತಿಲು ದಾಟಿದ್ದು ಚಹಾ ಕೇಳಲು ಮಾತ್ರ. ಔರಾದಿನಲ್ಲಿದ್ದ ಆಕೆಯ ಅತ್ತೆ ಸಾಯುವವರೆಗೂ ಸೊಸೆಯನ್ನು ಮೈಗಳ್ಳಿ ಎಂದೇ ಕರೆದಿದ್ದರು.

"ಸಂಜಿ ಆರಕ್ಕ ಬರ್ತೇನಿ" ಎಂದರು ಶಿವರಾಜಪ್ಪನವರು. "ಹುಡುಗ್ಯಾರು ಉಂಡಿರಬೇಕು. ಕುಡಿಯೋ ನೀರು ಉಳಿದಿರಬೇಕು. ಇಲ್ಲಂದ್ರ ಗೇಟಿಗಿ ಕೀಲಿ."

ಕೌಸಲ್ಯಾಬಾಯಿ ಅಡುಗೆಮನೆಗೆ ಹೋಗಿ ಡ್ರಮ್ಮಿನ ಮುಚ್ಚಳ ತೆಗೆದರು. ಮೊಣಕೈ ಮುಳುಗುವಷ್ಟು ನೀರಿತ್ತು. ಟ್ಯಾಂಕರ್ ಬರುವುದು ಮರುದಿನ, ಬಂದರೆ. ಹಾಲಿನವನು ದನಗಳನ್ನು ಮಾರಿ ಹದಿನೈದು ದಿನವಾಗಿತ್ತು. ಹಾಗಾಗಿ ಮೊಸರು, ಮಜ್ಜಿಗೆ ಯಾವುದೂ ಇಲ್ಲ. ಬೇಳೆ ಬೇಯಿಸಲು ನೀರು ಸಾಲದು. ಅಕ್ಕಿ ತೊಳೆಯಲೂ ಸಾಲದು. ಭಾತಂಬ್ರಾ ಊರಿನ ಹೆಂಗಸರು ಮಾಡಿ ಕಳಿಸಿದ ಖಡಕ್ ರೊಟ್ಟಿಯ ಚೀಲ ಒಂದಿತ್ತು. ಕಡಲೆಹಿಟ್ಟು, ಉಳ್ಳಾಗಡ್ಡಿ, ಬಳ್ಳೊಳ್ಳಿ, ಖಾರಪುಡಿ, ಎಣ್ಣೆ ಇದ್ದವು.

ಬೀದರಿನಲ್ಲಿ ಬಾಡಿಗೆ ಕೋಣೆಯಲ್ಲಿದ್ದು ಓದುತ್ತಿದ್ದಾಗ ಆಕೆಗೆ ಬರುತ್ತಿದ್ದ ಅಡುಗೆ ಒಂದೇ. ಸೀಮೆ ಎಣ್ಣೆ ಸ್ಟೋವಿನ ಮೇಲೆ ಒಗ್ಗರಣೆ ಹಾಕಿ, ನೀರು ಕುದಿಸಿ, ಕಡಲೆಹಿಟ್ಟು ಕದಡಿದರೆ ಹತ್ತು ನಿಮಿಷದಲ್ಲಿ ಪಿಟ್ಲಾ. ಎರಡು ವರ್ಷ ಅದನ್ನೇ ಉಂಡಿದ್ದರು. ಆದರೆ ಅದು ಒಬ್ಬಳ ಹೊಟ್ಟೆಗೆ.

ಮಧ್ಯಾಹ್ನ ಹುಡುಗಿಯರಿಗೆ ಚುರುಮುರಿ ಹಂಚುವ ಹೊತ್ತಿಗೆ ಮೂವರ ಮನೆಯವರು ಬಂದು, ಟ್ರಂಕು ಹೊತ್ತು ಅವರನ್ನು ಕರೆದೊಯ್ದಾಗಿತ್ತು. ಕೌಸಲ್ಯಾಬಾಯಿ ಎಷ್ಟು ಹೇಳಿದರೂ ನಿಲ್ಲಲಿಲ್ಲ. ಆಮೇಲೆ ಸಂತಪುರದ ಬಸ್ಸಿನಿಂದ ಇಳಿದು ಪಂಢರಿ ಬಂದ. ಉಳಿದ ಹುಡುಗಿಯರಲ್ಲಿ ಒಬ್ಬಳಾದ ಪ್ರಜ್ಞಾಳ ಕಾಕಾ ಆತ. ಆಕೆಯ ಅಪ್ಪ ಗೋರಖನಾಥ, ಅವ್ವ ಇಬ್ಬರೂ ಪುಣೆಯ ಕಡೆ ಇಟ್ಟಿಗೆ ಭಟ್ಟಿಯಲ್ಲಿದ್ದರು.

"ಆಕಿ ಅಪ್ಪ ಫೋನ್ ಮಾಡಿದ್ದ್ರಿ ಬಾಯಾರ. ಏಳರ ಬಸ್ಸಿಗಿ ಕರ್ಕೊಂಡು ಹೋಗ್ತೇನಿ. ನಾಳಿ ಭಟ್ಟಿಗಿ ಮುಟ್ಟಸ್ತೇನಿ."

"ನಾಡದ್ದು ಗಣಿತ ಅದ. ಭಟ್ಟಿಗಿ ಹೋದ ಹುಡುಗಿ ಮತ್ತ ಬರೀಲಿಕ್ಕಿ ಬರ್ತಾಳೇನು?"

"ಇಲ್ಲಿ ಉಪಾಸ ಬಿದ್ರ ಯಾರು ನೋಡ್ತಾರ್ರಿ?" ಎಂದು ಪಂಢರಿ ಮೆಟ್ಟಿಲ ಮೇಲೆ ಕೂತುಬಿಟ್ಟ. ಒಳಗೆ ಪ್ರಜ್ಞಾ ಗಣಿತದ ಪುಸ್ತಕವನ್ನು ಚೀಲಕ್ಕೆ ಹಾಕುವುದೂ ತೆಗೆಯುವುದೂ ಮಾಡುತ್ತಿದ್ದಳು.

ನಾಲ್ಕಕ್ಕೆ ಕೌಸಲ್ಯಾಬಾಯಿ ಒಲೆ ಹಚ್ಚಿದರು. ದೊಡ್ಡ ಪಾತೇಲಿಯಲ್ಲಿ ಒಂದು ಕೊಡ ನೀರು ಕುದಿಸಿ, ಹಿಟ್ಟನ್ನು ಒಮ್ಮೆಲೇ ಸುರಿದರು. ಒಬ್ಬಳ ಅಡುಗೆಯಲ್ಲಿ ಚಮಚದಿಂದ ಒಡೆಯುತ್ತಿದ್ದ ಗಂಟುಗಳು ಇಲ್ಲಿ ಮುಷ್ಟಿಗಾತ್ರ ಕಟ್ಟಿದವು. ಅವನ್ನು ಒಡೆಯುವಷ್ಟರಲ್ಲಿ ತಳ ಹತ್ತಿತು. ಕಮಟು ವಾಸನೆ ಓದುವ ಕೋಣೆಯವರೆಗೂ ಹೋಯಿತು. ರುಚಿ ನೋಡಿದರೆ ಹೊರಗೆ ಸುಟ್ಟ ಕಹಿ, ಒಳಗೆ ಹಸಿ ಹಿಟ್ಟು.

ಐದು ಹೊಡೆದಿತ್ತು. ಡ್ರಮ್ಮಿನಲ್ಲಿ ಈಗ ಮಣಿಕಟ್ಟು ಮುಳುಗುವಷ್ಟೇ ನೀರು. ಅದು ಹುಡುಗಿಯರು ರಾತ್ರಿ ಕುಡಿಯಬೇಕಾದದ್ದು. ಕೌಸಲ್ಯಾಬಾಯಿ ಪಾತೇಲಿಯನ್ನು ಬಚ್ಚಲ ಕಡೆ ತಳ್ಳಿ ಗೋಡೆಗೆ ಒರಗಿ ನಿಂತರು. ಫೋನ್ ಮಾಡಿ ಸೋತೆ ಎನ್ನುವುದೊಂದೇ ಉಳಿದಿದೆ ಅನ್ನಿಸಿತು.

ಬಾಗಿಲಲ್ಲಿ ಪ್ರಜ್ಞಾ ನಿಂತಿದ್ದಳು.

"ಬಾಯಾರ, ನೀರು ಯಾಕ ಬೇಕ್ರಿ? ನಮ್ಮವ್ವ ಹೊಲಕ್ಕ ಒಯ್ಯಾಕ ಒಣ ಝುಣಕ ಮಾಡ್ತಾಳ್ರಿ. ಹಿಟ್ಟು ಎಣ್ಣ್ಯಾಗ ಹುರದು ನೀರು ಚಿಮುಕಸ್ತಾಳ, ಅಷ್ಟ."

"ನಿನಗ ಬರ್ತದೇನು?"

"ನೋಡೀನ್ರಿ. ಮಾಡಿಲ್ಲ."

ಅದನ್ನು ಎಂದೂ ಮಾಡದ ಇಬ್ಬರೂ ಕೂಡಿ ಮಾಡಿದರು. ಬಾಣಲೆಯಲ್ಲಿ ಎಣ್ಣೆ ಕಾದು, ಜೀರಿಗೆ ಸಿಡಿದು, ಬಳ್ಳೊಳ್ಳಿ ಕೆಂಪಾಗಿ, ಉಳ್ಳಾಗಡ್ಡಿ ಬಾಡಿತು. ಖಾರಪುಡಿ, ಅರಿಶಿನ, ಉಪ್ಪು ಬಿದ್ದವು. ಆಮೇಲೆ ಹಿಟ್ಟು. ಕೌಸಲ್ಯಾಬಾಯಿ ಬಿಡುವಿಲ್ಲದೆ ತಿರುವುತ್ತಿದ್ದರು. ಪ್ರಜ್ಞಾ ಕೈಯಿಂದ ನೀರು ಚಿಮುಕಿಸಿ ತಟ್ಟೆ ಮುಚ್ಚುವಳು, ತೆಗೆಯುವಳು, ಮತ್ತೆ ಚಿಮುಕಿಸುವಳು. ಹಿಟ್ಟು ಬಣ್ಣ ತಿರುಗಿ ಉದುರುದುರಾಯಿತು. ಸುಟ್ಟ ವಾಸನೆಯ ಮೇಲೆ ಹುರಿದ ಬಳ್ಳೊಳ್ಳಿಯ ಘಮ ಏರಿ ಹೊರಗಿನ ಮೆಟ್ಟಿಲವರೆಗೂ ಹೋಯಿತು. ಮೂರು ಸಲ ಹಾಗೆ ಮಾಡಿ ಮುಗಿಸಿದಾಗ ಖರ್ಚಾಗಿದ್ದು ಒಂದು ತಂಬಿಗೆ ನೀರು.

ಆರಕ್ಕೆ ಶಿವರಾಜಪ್ಪನವರ ಮೋಟಾರ್ ಸೈಕಲ್ ಗೇಟಿನ ಮುಂದೆ ನಿಂತಿತು. ಹದಿನಾರು ಹುಡುಗಿಯರು ಪಡಸಾಲೆಯಲ್ಲಿ ಸಾಲಾಗಿ ಕೂತಿದ್ದರು. ಪ್ರತಿಯೊಬ್ಬಳ ಕೈಯಲ್ಲಿ ಅಗಲ ರೊಟ್ಟಿ, ರೊಟ್ಟಿಯ ಮೇಲೆ ಝುಣಕ. ಪಡಸಾಲೆಯ ತುಂಬ ರೊಟ್ಟಿ ಮುರಿಯುವ ಸದ್ದು.

"ತಾಟು ಎಲ್ಲಿ?"

"ತಾಟು ತೊಳೀಲಿಕ್ಕಿ ನೀರು ಎಲ್ಲಿಂದ ತರಲ್ರಿ? ರೊಟ್ಟಿನೇ ತಾಟು."

ಶಿವರಾಜಪ್ಪನವರು ಡ್ರಮ್ಮಿನೊಳಗೆ ಬಗ್ಗಿ ನೋಡಿದರು. ಬಚ್ಚಲ ಬಳಿ ಬಿದ್ದಿದ್ದ ಸುಟ್ಟ ಪಾತೇಲಿಯನ್ನೂ ನೋಡಿದರು.

"ನಾಳಿಗಿ?"

"ನಾಳಿಗೂ ಇದೇ. ನಾಡದ್ದಿಗೂ ಇದೇ. ನನಗ ಬೇರೆ ಬರೂದಿಲ್ರಿ."

ಶಿವರಾಜಪ್ಪನವರು ಒಂದು ಹಾಳೆ ತರಿಸಿ, ಐದು ದಿನ ಏನೇ ಆದರೂ ಹೊಣೆ ವಾರ್ಡನ್ನರದು ಎಂದು ಬರೆದುಕೊಡಲು ಹೇಳಿದರು. ಕೌಸಲ್ಯಾಬಾಯಿ ಬರೆದು ಸಹಿ ಹಾಕಿದರು. ಹಾಳೆಯ ಮೇಲೆ ಎಣ್ಣೆಯ ಬೆರಳಚ್ಚು ಮೂಡಿತು.

ಪಂಢರಿಗೂ ಒಂದು ರೊಟ್ಟಿ ಕೊಟ್ಟಿದ್ದರು. ಆತ ಪೂರ್ತಿ ತಿಂದು, ಅಂಗೈಗೆ ಬಿದ್ದ ಪುಡಿಯನ್ನೂ ಬಾಯಿಗೆ ಹಾಕಿಕೊಂಡು ಎದ್ದ. ಬಸ್ಸಿಗೆ ಹೊತ್ತಾಗಿತ್ತು. ಪ್ರಜ್ಞಾ ಬಾಗಿಲ ಹಿಂದೆ ಗಣಿತದ ಪುಸ್ತಕ ಹಿಡಿದು ನಿಂತಿದ್ದಳು.

"ಅಣ್ಣಗ ಏನ ಹೇಳ್ಲಿ ನಾ?" ಎಂದ.

"ಪೇಪರ್ ಮುಗಿದ ದಿನ ನಾನೇ ಸಂತಪುರತನಕ ತಂದು ಬಿಡ್ತೇನಿ ಅಂತ ಹೇಳ್ರಿ. ನಿಮ್ಮ ಹುಡುಗಿನ್ನ ಉಪಾಸ ಇಡೂದಿಲ್ಲ."

ಪಂಢರಿ ಹುಡುಗಿಯ ಕಡೆ ನೋಡಿದ. "ಐದೇ ದಿನ" ಎಂದು ಹೇಳಿ ಚಪ್ಪಲಿ ಮೆಟ್ಟಿ ಒಬ್ಬನೇ ಹೋದ.

ಮರುದಿನ ಟ್ಯಾಂಕರ್ ಬರಲಿಲ್ಲ. ಅದರ ಮರುದಿನ, ಗಣಿತದ ಪೇಪರಿನ ದಿನ, ಅರ್ಧ ತುಂಬಿಕೊಂಡು ಬಂತು. ಆ ನಡುವೆ ಪಕ್ಕದ ಓಣಿಯ ಶಾಕಿರಾ ಬೇಗಂ ಎರಡು ಕೊಡ ನೀರು ಕೊಟ್ಟರು. ನಾಲ್ಕನೇ ದಿನ ಹುಡುಗಿಯರು ಝುಣಕದ ಮುಖ ನೋಡಿ ಮೂತಿ ತಿರುಗಿಸಿದರು. ಕೌಸಲ್ಯಾಬಾಯಿಗೂ ಸಾಕಾಗಿತ್ತು. ಆದರೂ ಎಲ್ಲರೂ ತಿಂದರು. ಯಾರೂ ಕಾಯಿಲೆ ಬೀಳಲಿಲ್ಲ.

ಹದಿನಾರು ಜನರೂ ಪರೀಕ್ಷೆ ಬರೆದರು. ಕರೆದೊಯ್ದ ಮೂವರಲ್ಲಿ ಒಬ್ಬಳು ಮಾತ್ರ ಬಂದು ಬರೆದಳು. ಪ್ರಜ್ಞಾ ರಜೆಯಲ್ಲಿ ಭಟ್ಟಿಗೆ ಹೋಗಿ ಇಟ್ಟಿಗೆ ಹೊತ್ತಳು. ಫಲಿತಾಂಶ ಬಂದಾಗ ಆಕೆಗೆ ಗಣಿತದಲ್ಲಿ ಎಪ್ಪತ್ತೊಂದು ಬಂದಿತ್ತು. ಮಳೆ ಹಿಡಿದ ಮೇಲೆ ಅಪ್ಪ ಗೋರಖನಾಥ ಊರಿಗೆ ಮರಳಿ, ತಾನೇ ಮಗಳನ್ನು ಬೀದರಿಗೆ ಕರೆದೊಯ್ದು ಕಾಲೇಜಿಗೆ ಸೇರಿಸಿದ.