ಎರಡು ಪುಟದ ಪ್ರಕರಣ

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಕೋಲ್ಡ್ ಸ್ಟೋರೇಜ್ ಕಂಪನಿಯವರು ಮಾಡಿದ್ದೂ ಅದನ್ನೇ. ಅಮೋನಿಯಾ ಸೋರಿ ಒಬ್ಬ ಕೆಲಸಗಾರ ಸತ್ತು ಎಂಟು ತಿಂಗಳಾದ ಮೇಲೆ, ಸೂಪರ್‌ವೈಸರುಗಳೆಲ್ಲ ಸರದಿಯಂತೆ ವಿಶ್ವವಿದ್ಯಾಲಯಕ್ಕೆ ಹೋಗಿ ಆರು ಶನಿವಾರ ವ್ಯವಹಾರ ನೀತಿಯ ಪಾಠ ಕೇಳಿಕೊಂಡು ಬರಬೇಕೆಂದು ಆದೇಶ ಹೊರಡಿಸಿದರು. ಮೊದಲ ಸರದಿ ಹಿರಿಯ ಸೂಪರ್‌ವೈಸರನದು. ಸತ್ತವನು ಅವನ ಹೆಂಡತಿಯ ತಮ್ಮ.

ಆ ತಮ್ಮನಿಗೆ ಮೂವತ್ತೊಂದು ವರ್ಷವಾಗಿದ್ದರೂ ಎಲ್ಲರ ಬಾಯಲ್ಲೂ ಅವನು ಪುಟ್ಟನೇ. ಆಳು ನೋಡಿದರೆ ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಓದು ತಲೆಗೆ ಹತ್ತದೆ, ಯಾವ ಕೆಲಸದಲ್ಲೂ ಕಾಲೂರದೆ ಅಲೆಯುತ್ತಿದ್ದವನನ್ನು ಕರೆತಂದು ಸೇರಿಸಿ, ಕಂಪ್ರೆಸರಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುವಷ್ಟು ಪಳಗಿಸಿದವನು ಭಾವನೇ. ಅಳಿಯನಿಂದ ನನ್ನ ಮಗ ಮನುಷ್ಯನಾದ ಎಂದು ಅತ್ತೆ ಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

ಮೂವತ್ತು ಜನರ ತರಗತಿಯಲ್ಲಿ ನರೆತ ತಲೆ ಸೂಪರ್‌ವೈಸರನದೊಂದೇ. ಮೊದಲ ದಿನ ಇವನು ಒಳಗೆ ಕಾಲಿಟ್ಟಾಗ ಪಾಠ ಮಾಡುವವರೇ ಬಂದರೆಂದು ಎಲ್ಲರೂ ಎದ್ದು ನಿಂತು, ಇವನು ಹೋಗಿ ಹಿಂದಿನ ಬೆಂಚಿನಲ್ಲಿ ಕೂತಾಗ ನಕ್ಕಿದ್ದರು. ಅವತ್ತಿನಿಂದ ಇವನು ಅಂಕಲ್ ಆದ. ಬೆಂಚಿನ ಸಂದಿಯಲ್ಲಿ ಮೊಣಕಾಲು ಹಿಡಿಸುತ್ತಿರಲಿಲ್ಲ. ಆದರೂ ಮೇಡಂ ಹೇಳಿದ ಒಂದೊಂದು ಮಾತನ್ನೂ ದುಂಡಕ್ಷರದಲ್ಲಿ ಬರೆದುಕೊಳ್ಳುತ್ತಿದ್ದ. ಕಂಪನಿಯ ಹೊಣೆ ಬಂಡವಾಳ ಹಾಕಿದವರಿಗೆ ಮಾತ್ರವಲ್ಲ, ಅದರ ಕೆಲಸದಿಂದ ಒಳಿತು ಕೆಡುಕು ಯಾರಿಗೆಲ್ಲ ತಟ್ಟುತ್ತದೋ ಅವರೆಲ್ಲರಿಗೂ ಎಂದು ಬರೆದುಕೊಂಡು ಕೆಳಗೆ ಗೆರೆ ಎಳೆದಿದ್ದ. ಪಾಠ ಅವನಿಗೆ ಹಿಡಿಸಿತ್ತು. ಅದೇ ಅವನಿಗೆ ನಾಚಿಕೆಯ ವಿಷಯವಾಗಿತ್ತು.

ಮೂರನೆಯ ಶನಿವಾರ ಮೇಡಂ ಎಲ್ಲರಿಗೂ ಎರಡೆರಡು ಹಾಳೆ ಹಂಚಿದರು. ಒಂದು ಪ್ರಕರಣ, ಗುಂಪಿನಲ್ಲಿ ಓದಿ ಚರ್ಚೆ ಮಾಡಿ ಎಂದರು. ಸಂಸ್ಥೆಯ ಹೆಸರಿರಲಿಲ್ಲ. ಆಹಾರ ಪದಾರ್ಥ ಕಾಪಿಡುವ ಒಂದು ಸಂಸ್ಥೆ ಎಂದಷ್ಟೇ ಇತ್ತು. ನಾಲ್ಕು ಸಾಲು ಓದುವಷ್ಟರಲ್ಲಿ ಅವನಿಗೆ ಗುರುತು ಸಿಕ್ಕಿತು. ಮೂರನೇ ಕೋಣೆ. ಬೆಳಗ್ಗೆ ಹತ್ತೂ ಇಪ್ಪತ್ತು. ಒಬ್ಬ ಕಾರ್ಮಿಕನ ಸಾವು. ವಾಲ್ವ್ ಸರಿ ಇದೆ ಎಂದು ಮೇಲ್ವಿಚಾರಕ ಹನ್ನೊಂದು ದಿನಗಳ ಹಿಂದಷ್ಟೇ ರಿಜಿಸ್ಟರಿನಲ್ಲಿ ದಾಖಲಿಸಿದ್ದ. ಇಷ್ಟಕ್ಕೆ ಮೊದಲ ಪುಟ ಮುಗಿದಿತ್ತು. ಎರಡನೆಯ ಪುಟದ ತುಂಬ ಸಂಸ್ಥೆ ಆಮೇಲೆ ಮಾಡಿದ ಒಳ್ಳೆಯ ಕೆಲಸಗಳು: ಬಡಾವಣೆಗೆ ಉಯ್ಯಾಲೆಗಳ ಉದ್ಯಾನ, ಉಚಿತ ಕಣ್ಣಿನ ತಪಾಸಣೆ, ಮೇಲ್ವಿಚಾರಕರಿಗೆ ನೀತಿ ಶಿಕ್ಷಣ. ಕೊನೆಯಲ್ಲಿ ಪ್ರಶ್ನೆ: ಸಂಸ್ಥೆ ತನ್ನ ಸಾಮಾಜಿಕ ಹೊಣೆಯನ್ನು ಎಷ್ಟರಮಟ್ಟಿಗೆ ನಿಭಾಯಿಸಿದೆ?

ಅವನ ಗುಂಪಿನಲ್ಲಿ ಐದು ಜನ. ಕನ್ನಡಕದ ಹುಡುಗಿಯೊಬ್ಬಳು ಚುರುಕಾಗಿ ಮಾತು ಶುರುಮಾಡಿದಳು. ಸಂಸ್ಥೆ ತಕ್ಕಮಟ್ಟಿಗೆ ಮಾಡಿದೆ, ತಪ್ಪೆಲ್ಲ ಆ ಮೇಲ್ವಿಚಾರಕನದು, ಕೂತಲ್ಲೇ ಕಣ್ಣುಮುಚ್ಚಿ ಟಿಕ್ ಹಾಕಿದ್ದಾನೆ ಎಂದಳು. ಇನ್ನೊಬ್ಬ, ಅಂಥವನಿಗೆ ವಾಲ್ವ್ ಯಾವುದು ನಲ್ಲಿ ಯಾವುದು ಗೊತ್ತಿತ್ತೋ ಇಲ್ಲವೋ ಎಂದು ನಗಿಸಿದ. ಅಂಕಲ್ ಮಾತ್ರ ಏನೂ ಹೇಳಲಿಲ್ಲವಲ್ಲ ಎಂದು ಹುಡುಗಿ ಇವನ ಕಡೆ ತಿರುಗಿದಳು. ಇಂಥ ಜಾಗದಲ್ಲಿ ಕೆಲಸ ಮಾಡಿದವರಲ್ಲವೇ, ಹೀಗೆ ನಡೆಯುತ್ತದೆಯೇ?

ಎಂಟು ತಿಂಗಳಿಂದ ಬಾಯಲ್ಲಿದ್ದ ಬಿಸಿತುಪ್ಪ. ನುಂಗಲೂ ಆಗಿರಲಿಲ್ಲ, ಉಗುಳಲೂ ಆಗಿರಲಿಲ್ಲ.

"ಕಣ್ಣುಮುಚ್ಚಿ ಬರೀಲಿಲ್ಲಮ್ಮ," ಅಂದ. "ಕಣ್ಣುಬಿಟ್ಟುಕೊಂಡೇ ಬರೆದೆ."

ಹುಡುಗಿಗೆ ಅರ್ಥವಾಗಲಿಲ್ಲ. ಅವನು ಹಾಳೆಯ ಮೇಲೆ ಕಣ್ಣಿಟ್ಟೇ ಹೇಳುತ್ತ ಹೋದ. ವಾಲ್ವ್ ಸವೆದಿದೆ, ಬದಲಾಯಿಸಬೇಕು ಎಂದು ಮೂರು ತಿಂಗಳು ಕೆಂಪು ಶಾಯಿಯಲ್ಲಿ ಬರೆದಿದ್ದ. ಮೂರು ಸಲವೂ ಮ್ಯಾನೇಜರು, ಸೀಸನ್ ಮುಗಿಯಲಿ ನೋಡೋಣ ಎಂದು ಮೂಗಿಗೆ ತುಪ್ಪ ಸವರಿದ್ದರು. ನಾಲ್ಕನೆಯ ತಿಂಗಳು ಹೊರಗಿನಿಂದ ತಪಾಸಣೆಯವರು ಬರುವವರಿದ್ದರು. ಹೊಸ ರಿಜಿಸ್ಟರ್ ತರಿಸಿ ಅವನ ಮುಂದಿಟ್ಟು, ಈ ಸಲ ಸರಿ ಇದೆ ಎಂದು ಬರೆದುಬಿಡು, ಇಲ್ಲದಿದ್ದರೆ ಬೀಗ ಹಾಕಿ ಹೋಗುತ್ತಾರೆ, ನೂರು ಜನರ ಅನ್ನ ಹೋಗುತ್ತದೆ ಎಂದರು. ಅವನು ಬರೆದ. ಹಳೆಯ ರಿಜಿಸ್ಟರ್ ಆಮೇಲೆ ಯಾರ ಕಣ್ಣಿಗೂ ಬೀಳಲಿಲ್ಲ. ವಿಚಾರಣೆಯಲ್ಲಿ ಅವನೂ ಅದರ ಸುದ್ದಿ ಎತ್ತಲಿಲ್ಲ, ಕಂಪನಿಯೂ ಅವನನ್ನು ಕೆಲಸದಿಂದ ತೆಗೆಯಲಿಲ್ಲ.

"ಸತ್ತವರು ನಿಮಗೆ ಗೊತ್ತಿತ್ತಾ ಅಂಕಲ್?" ಹುಡುಗಿಯ ದನಿ ಇಳಿದಿತ್ತು.

"ನನ್ನ ಹೆಂಡತಿ ತಮ್ಮ."

ಉಳಿದ ಗುಂಪಿನವರೂ ಒಬ್ಬೊಬ್ಬರಾಗಿ ಇತ್ತ ತಿರುಗಿದರು. ಮೇಡಂ ಅವತ್ತಿನ ತರಗತಿಯನ್ನು ಅಲ್ಲಿಗೇ ಮುಗಿಸಿದರು.

ಆಮೇಲೆ ಅವರು ಅವನನ್ನು ತಮ್ಮ ಕೋಣೆಗೆ ಕರೆದು, ಕುರ್ಚಿಯ ಮೇಲಿದ್ದ ಉತ್ತರಪತ್ರಿಕೆಗಳ ಕಟ್ಟನ್ನು ನೆಲಕ್ಕಿಳಿಸಿ ಕೂರಿಸಿದರು. ಯಾವುದೋ ಪ್ರಶಸ್ತಿಗೆ ಕಂಪನಿಯೊಂದು ಕಳಿಸಿದ್ದ ವರದಿ ಅದು, ಪ್ರಶಸ್ತಿಯವರೇ ಹೆಸರು ಅಳಿಸಿ ಕೊಟ್ಟಿದ್ದರು, ಇವನ ಕಂಪನಿಯದೆಂದು ಗೊತ್ತಿದ್ದರೆ ಹಂಚುತ್ತಿರಲಿಲ್ಲ ಎಂದು ಎರಡೆರಡು ಸಲ ಕ್ಷಮೆ ಕೇಳಿದರು. ಹೇಳಿದ್ದನ್ನೆಲ್ಲ ಬರೆದುಕೊಟ್ಟರೆ ಸರ್ಕಾರಿ ಕಚೇರಿಗೆ ಮುಟ್ಟಿಸುವ ದಾರಿ ತೋರಿಸುತ್ತೇನೆ, ಆದರೆ ಅದರಿಂದ ನಿಮಗೂ ಏಟು ಬೀಳುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಬರೆದುಕೊಡುತ್ತೇನೆ, ಅದಕ್ಕೆ ಮುಂಚೆ ಮನೆಯಲ್ಲಿ ಹೇಳಬೇಕು ಎಂದು ಅವನು ಎದ್ದ. ವಾಲ್ವ್ ಇದ್ದಕ್ಕಿದ್ದಂತೆ ಒಡೆಯಿತು, ಬ್ರಹ್ಮನಿಗೂ ಗೊತ್ತಾಗುತ್ತಿರಲಿಲ್ಲ ಎಂದು ಮನೆಯವರನ್ನು ನಂಬಿಸಿದವನು ಅವನೇ.

ಮನೆಗೆ ಬಂದಾಗ ಹೆಂಡತಿ ಕಿಟಕಿಯ ಪಕ್ಕ ಹೊಲಿಗೆ ಯಂತ್ರದ ಮುಂದಿದ್ದಳು. ಪಕ್ಕದಲ್ಲಿ ಶಾಲೆಯ ಸಮವಸ್ತ್ರಗಳ ರಾಶಿ, ಸೋಮವಾರಕ್ಕೆ ಕೊಡಬೇಕಾದವು. ಅವನು ಚಪ್ಪಲಿ ಬಿಟ್ಟವನು ಕೂರದೆ, ನಿಂತಲ್ಲೇ ಎಲ್ಲ ಹೇಳಿದ. ಮೊದಮೊದಲು ಅವಳು ತುಳಿಯುತ್ತಲೇ ಇದ್ದಳು. ಹೊಸ ರಿಜಿಸ್ಟರಿನ ಮಾತು ಬಂದಾಗ ಕಾಲು ನಿಂತಿತು. ಸೂಜಿಯ ಕೆಳಗೆ ತೋಳಿನ ಬಟ್ಟೆ ಅರ್ಧಕ್ಕೇ ಉಳಿಯಿತು.

ಅತ್ತು ರಂಪ ಮಾಡುತ್ತಾಳೆ, ಹಿಡಿಶಾಪ ಹಾಕುತ್ತಾಳೆ ಎಂದು ಅವನು ದಾರಿಯುದ್ದಕ್ಕೂ ಎದೆ ಗಟ್ಟಿಮಾಡಿಕೊಂಡು ಬಂದಿದ್ದ. ಅವಳು ಕೇಳಿದ್ದು ಒಂದೇ ಮಾತು.

"ವಾಲ್ವ್ ಕೆಟ್ಟಿರೋದು ಪುಟ್ಟನಿಗೆ ಗೊತ್ತಿತ್ತಾ?"

ಇಲ್ಲ ಎಂದುಬಿಡಬಹುದಿತ್ತು. ಆ ಸುಳ್ಳನ್ನು ಹಿಡಿಯುವವರು ಈ ಲೋಕದಲ್ಲಿ ಯಾರೂ ಇರಲಿಲ್ಲ.

"ಗೊತ್ತಿತ್ತು," ಅಂದ. "ಭಾವ ಇದ್ದಾರಲ್ಲ, ನೋಡ್ಕೋತಾರೆ ಅಂತಿದ್ದ."

ಅವಳು ಎದ್ದು ಯಂತ್ರದ ಮುಚ್ಚಳ ಹಾಕಿದಳು. "ಅಮ್ಮನಿಗೆ ನೀವೇ ಹೋಗಿ ಹೇಳಿ. ನನ್ನ ಬಾಯಲ್ಲಿ ಬರಲ್ಲ."

ಅತ್ತೆಯ ಮನೆ ಎರಡು ಬೀದಿಯಾಚೆ. ಮರುದಿನ ಬೆಳಗ್ಗೆ ಹೋದ. ಮುದುಕಿ ಜಗಲಿಯಲ್ಲಿ ಕೂತು ಪೂರ್ತಿ ಕೇಳಿದಳು. ಮುಗಿದ ಮೇಲೆ ಗೋಡೆ ಹಿಡಿದು ಎದ್ದು ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ಅಷ್ಟು ಮೆಲ್ಲಗೆ ಹಾಕಿದಳು, ಅವನಿಗೆ ಅದೇ ತಡೆಯಲಾಗಲಿಲ್ಲ. ಅದೇ ವಾರ ಹೆಂಡತಿ ಹೊಲಿಗೆ ಯಂತ್ರವನ್ನು ಆಟೋದಲ್ಲಿ ಹಾಕಿಸಿಕೊಂಡು ತಾಯಿಯ ಮನೆಗೆ ಹೋದಳು. ಜಗಳವಾಗಲಿಲ್ಲ. ಅಮ್ಮ ಒಬ್ಬಳೇ ಇದ್ದಾಳೆ ಎಂದಳು, ಅದೇನೂ ಸುಳ್ಳಲ್ಲ.

ಅವನು ಬರೆದುಕೊಟ್ಟ. ಸುಳ್ಳು ದಾಖಲೆ ಬರೆದವನೆಂದು ಕಂಪನಿ ಅವನನ್ನು ಮೂರೇ ದಿನದಲ್ಲಿ ತೆಗೆದುಹಾಕಿತು. ಕಾರಣ ನಿಜವೇ, ಅವನು ಸಹಿ ಹಾಕಿ ಪತ್ರ ತೆಗೆದುಕೊಂಡ. ಇಪ್ಪತ್ತು ವರ್ಷ ಜೊತೆಯಲ್ಲಿ ದುಡಿದವರು ಬೀದಿಯಲ್ಲಿ ಕಂಡರೆ ಮುಖ ತಿರುಗಿಸತೊಡಗಿದರು. ಬೀಗ ಬಿದ್ದರೆ ಗತಿಯೇನೆಂಬ ಭಯ ಅವರಿಗೆ. ಉಳಿದ ಶನಿವಾರಗಳಿಗೆ ಅವನನ್ನು ಕಳಿಸುವವರಿರಲಿಲ್ಲ, ಆದರೂ ಹೋದ. ಮೇಡಂ ಬೇಡವೆನ್ನಲಿಲ್ಲ. ಕನ್ನಡಕದ ಹುಡುಗಿ ಮುಂದಿನ ಬೆಂಚು ಬಿಟ್ಟು ಅವನ ಪಕ್ಕ ಬಂದು ಕೂತಳು.

ಮರುವಿಚಾರಣೆ ಶುರುವಾಗುವಷ್ಟರಲ್ಲಿ ಇನ್ನೂ ಐದು ತಿಂಗಳು ಕಳೆದವು. ಆ ದಿನ ಕಚೇರಿಯ ಮೆಟ್ಟಿಲ ಬಳಿ ಹೆಂಡತಿ ನಿಂತಿದ್ದಳು. ಅವನು ಹೇಳಿ ಕಳಿಸಿರಲಿಲ್ಲ. ಒಳಗೆ ಅವನಿಂದ ಎರಡು ಕುರ್ಚಿ ಬಿಟ್ಟು ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಮ್ಯಾನೇಜರು ಹಳೆಯ ರಿಜಿಸ್ಟರ್ ಇರಲೇ ಇಲ್ಲ ಎಂದು ಸಾಧಿಸಿದರು. ಕಂಪನಿಯ ಗುಮಾಸ್ತನೊಬ್ಬ ಎದ್ದು, ಇತ್ತು, ನಾನೇ ಕಪಾಟಿನಿಂದ ತೆಗೆದು ಇವರ ಕೈಗೆ ಕೊಟ್ಟಿದ್ದೆ ಎಂದ. ಕಂಪನಿಯ ಎಲ್ಲ ಕೋಲ್ಡ್ ಸ್ಟೋರೇಜುಗಳ ವಾಲ್ವ್ ಬದಲಾಯಿಸಬೇಕೆಂದು ಅಧಿಕಾರಿ ಅಲ್ಲೇ ಆದೇಶ ಬರೆಸಿದರು. ತಪ್ಪು ಮ್ಯಾನೇಜರದೂ ಹೌದು, ಸೂಪರ್‌ವೈಸರನದೂ ಹೌದು ಎಂದು ಓದಿದಾಗ ಅವನು ತಲೆಯಾಡಿಸಿದ.

ವಾಪಸು ಒಂದೇ ಬಸ್ಸು. ಅವಳು ಮುಂದೆ ಹೆಂಗಸರ ಸೀಟಿನಲ್ಲಿ, ಅವನು ಹಿಂದೆ. ಕಂಡಕ್ಟರ್ ಬಂದಾಗ ಇಬ್ಬರಿಗೂ ಸೇರಿಸಿ ತಮ್ಮ ಮನೆಯವರೆಗೆ ಟಿಕೆಟ್ ತೆಗೆದುಕೊಂಡ. ಒಂದು ಸ್ಟಾಪ್ ಮುಂಚೆಯೇ, ತಾಯಿಯ ಮನೆಯ ಬೀದಿಯಲ್ಲಿ, ಅವಳು ಎದ್ದಳು. ಇಳಿಯುವ ಮುಂಚೆ ಕಂಬಿ ಹಿಡಿದು ಒಂದು ಗಳಿಗೆ ನಿಂತು, "ಬಿಪಿ ಮಾತ್ರೆ ಮುಗಿದಿರುತ್ತೆ, ತಗೊಳ್ಳಿ," ಅಂದಳು, ಅವನ ಮುಖ ನೋಡದೆ.

ಹೂಂ ಎಂದ. ಅವಳು ಇಳಿದು ಹೋದಳು. ಬಸ್ಸು ಹೊರಟಿತು.